ಚೀಟಿ ಕಿಟಕಿಯ ಹೊತ್ತು

ನಿಪ್ಪಾಣಿ, ಆಗಸ್ಟ್ ೨೦೧೧

ತಾರಾಬಾಯಿಯವರಿಗೆ ನಮಸ್ಕಾರ.

'ನನ್ನ ಉಸರಿಗೆ ನಿಮ್ಮ ಚೀಟಿ ಕಿಡಕಿ ವ್ಯಾಳೆ ತಿಳಿಯೂದಿಲ್ರಿ ಸಾಹೇಬ್ರ' ಎಂದೋ ಏನೋ ಅಂದಿರಿ ಕಳೆದ ಸಲ ಬಂದಾಗ, ನಗುತ್ತಲೇ. ದಮ್ಮಿಗೆಂದು ಸಂಜೆ ಸಂಜೆ ತುರ್ತು ವಿಭಾಗಕ್ಕೆ ಬರಬೇಡಿ, ಬೆಳಿಗ್ಗೆ ಚೀಟಿ ಮಾಡಿಸಿ ಹೊರರೋಗಿಗಳ ಸಾಲಿನಲ್ಲಿ ಬನ್ನಿ ಎಂದು ನಾನು ಗದರಿದ್ದಕ್ಕೆ ಅದು ನಿಮ್ಮ ಉತ್ತರ. ಆಮೇಲೆ ನೀವು ಎರಡೂ ಕಡೆ ಕಾಣಲಿಲ್ಲ.

ಬೆಳಿಗ್ಗೆ ಕಾರ್ಖಾನೆಯವರು ನೀವು ಕಟ್ಟಿದ ಬೀಡಿ ಆರಿಸುವಾಗ ನೀವು ಎದುರಿಗಿರದಿದ್ದರೆ ಅರ್ಧ ಕಟ್ಟುಗಳನ್ನು ತಿರಸ್ಕರಿಸುತ್ತಾರಂತೆ; ಅದು ಮುಗಿಯುವಷ್ಟರಲ್ಲಿ ನಮ್ಮ ಚೀಟಿ ಕಿಟಕಿ ಮುಚ್ಚಿರುತ್ತದೆ. ನಿನ್ನೆ ನರ್ಸ್ ತ್ರಿಶಲಾ ಹೇಳಿದರು. ನಾನು ನಿಮ್ಮನ್ನು ಕೇಳಿರಲೇ ಇಲ್ಲ.

ಗುರುವಾರ ಸಂಜೆ ಐದಕ್ಕೆ ಚೀಟಿಯಿಲ್ಲದೆ ನನ್ನ ಕೋಣೆಗೇ ಬನ್ನಿ. ಬರಲಾಗದಿದ್ದರೆ ಈ ಪತ್ರ ತರುವ ತ್ರಿಶಲಾಗೆ ಹೇಳಿ, ನಾನೇ ಬರುತ್ತೇನೆ. ಅಂದು ಕೊಟ್ಟ ಗುಳಿಗೆಗಳು ಎಂಟು ದಿನದವು. ಇಂದಿಗೆ ಇಪ್ಪತ್ತೆರಡು ದಿನವಾಯಿತು. ಉಸಿರು ಹೇಗಿದೆ?

ಡಾ. ಅಭಿನಂದನ
ತುರ್ತು ವಿಭಾಗ