ಹಸ್ಮಾಳ ಕಾರಿನ ಎಡಗಾಲು

ಕ್ವಾಲಾ ಕಾಂಗ್ಸಾರ್
14 ಜುಲೈ 2019

ಪ್ರೀತಿಯ ಮಗಳು ಮಸ್ತುರಾಳಿಗೆ,

ಅಸ್ಸಲಾಮು ಅಲೈಕುಮ್. ನಿನ್ನ ಕಾಗದಕ್ಕೆ ಉತ್ತರಿಸುವುದು ತಡವಾಯಿತು, ಮನ್ನಿಸು. ಬರೆಯಲು ಕುಳಿತಾಗಲೆಲ್ಲ ಮೊದಲ ವಾಕ್ಯವೇ ಸರಿಹೋಗುತ್ತಿರಲಿಲ್ಲ. ಸಂದಾಕಾನಿನಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಚಿಕ್ಕಪ್ಪ ಬಖ್ತಿಯಾರ್ ಫೋನಿನಲ್ಲಿ ಹೇಳಿದ್ದನ್ನು ಮೊದಲು ತಿದ್ದಬೇಕಾಗಿದೆ. "ಅಣ್ಣ ಸ್ಟೀರಿಂಗ್ ಮೇಲೇ ನಿದ್ದೆ ಹೋಗಿದ್ದಾರೆ, ವಯಸ್ಸಾಯ್ತು, ಕೀ ಕಿತ್ಕೊಂಡ್ಬಿಡಿ" ಎಂದನಂತೆ. ನಿನ್ನ ಅಪ್ಪ ನಿದ್ದೆ ಹೋಗಿರಲಿಲ್ಲ. ಬಖ್ತಿಯಾರ್ ಅಲ್ಲಿ ಇರಲೂ ಇಲ್ಲ. ಶಾಲೆ ಬಿಟ್ಟ ಮೇಲೆ ನಿನ್ನ ಅಕ್ಕನ ಮಗಳು ಆಯಿನ್‌ಳನ್ನು ಕರೆತರುವಾಗ ಮೇಕೆಯೊಂದು ಅಡ್ಡ ಬಂತು. ಅವರು ಬ್ರೇಕ್ ಒತ್ತಿದರು. ನಮ್ಮ ಹಳೆಯ ಕಾಂಚಿಲ್ ಕಾರು ನೆಟ್ಟಗೆ ನಿಲ್ಲದೆ ಎಡಕ್ಕೆ ಎಳೆದುಕೊಂಡು ಹೋಗಿ ಮೋರಿಯ ಕಟ್ಟೆಗೆ ಗುದ್ದಿತು. ಮಗುವಿನ ಗಲ್ಲ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಹೊಲಿಗೆ ಹಾಕುವಾಗಲೂ, "ಓಪಾ, ತೋಕ್‌ಗೆ ಬೈಬೇಡಿ, ಮೇಕೆದೇ ತಪ್ಪು" ಎಂದು ಅಜ್ಜನ ಪರವಾಗಿ ಈ ಅಜ್ಜಿಯೆದುರು ವಕಾಲತ್ತು ನಡೆದಿತ್ತು.

ತಪ್ಪು ಮೇಕೆಯದಲ್ಲ. ನಿನ್ನ ಅಕ್ಕ ಹಸ್ಮಾ ಡೆಂಗಿ ಜ್ವರದಲ್ಲಿ ತೀರಿಕೊಂಡು ನಲವತ್ತನೆಯ ದಿನದ ಪ್ರಾರ್ಥನೆ ಮುಗಿದಾಗ, ಅವಳ ಬಟ್ಟೆಬರೆಯನ್ನೆಲ್ಲ ನಿನ್ನ ಅಪ್ಪನೇ ಕೈಯಾರೆ ಮಡಿಸಿ ದಾನ ಕೊಟ್ಟರು. ನೀನೂ ನೋಡಿದೆ, ಅವರ ಕಣ್ಣು ಒದ್ದೆಯಾಗಲಿಲ್ಲ. ನೀನು ಹೊರಟ ಮೇಲಿನದು ನಿನಗೆ ತಿಳಿಯದು. ಅವಳ ಕೆಲಿಸಾ ಕಾರು ತುಕ್ಕು ಹಿಡಿದು ಅಂಗಳದಲ್ಲಿತ್ತಲ್ಲ, ಗುಜರಿಯವನು ಬರುವ ಮುನ್ನ ಅದನ್ನು ಮೆಕ್ಯಾನಿಕ್ ಆ-ಹಾಕ್‌ನ ವರ್ಕ್‌ಶಾಪಿಗೆ ಎಳೆಸಿದರು. ಮುಂದಿನ ಎಡಚಕ್ರದ ಸಸ್ಪೆನ್ಷನ್ನನ್ನು, ಅಂದರೆ ಶಾಕ್ ಅಬ್ಸಾರ್ಬರ್, ಚಕ್ರವನ್ನು ಹಿಡಿಯುವ ಕೆಳಗಿನ ತೋಳು, ಅದರ ಕೀಲಿನ ರಬ್ಬರ್ ಬುಶ್ ಸಮೇತ ಬಿಚ್ಚಿಸಿ ನಮ್ಮ ಕಾಂಚಿಲ್‌ಗೆ ಹಾಕಿಸಿದರು. ಒಂದೇ ಮನೆತನದ ಕಾರುಗಳೆಂದು ಇಲ್ಲಿಯ ಹುಡುಗರೆಲ್ಲ ಒಂದರದನ್ನು ಇನ್ನೊಂದಕ್ಕೆ ಹಾಕಿಸುತ್ತಾರೆ, ನಿಜ. ಆದರೆ ಎರಡೂ ಬದಿಗೆ ಹಾಕಿಸುತ್ತಾರೆ.

ಆ-ಹಾಕ್ ನನ್ನ ಹಳೆಯ ವಿದ್ಯಾರ್ಥಿ. ಅಂದು ನನ್ನೆದುರಿಗೇ ತಲೆ ಚಚ್ಚಿಕೊಂಡ.

"ಅಂಕಲ್, ಬೋಲ್ಟೇನೋ ಕೂರುತ್ತೆ. ಆದ್ರೆ ಈ ತೋಳು ಉದ್ದ ಇದೆ. ಬಲಕ್ಕೂ ಹಾಕ್ಸಿ. ಇಲ್ಲಾಂದ್ರೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ!"

"ಎಡಕ್ಕೆ ಮಾತ್ರ ಸಾಕು," ಎಂದರು ನಿನ್ನ ಅಪ್ಪ.

"ಹೋಗ್ಲಿ, ರಬ್ಬರ್ ಹರಿದುಹೋಗಿದೆ, ಅದನ್ನಾದ್ರೂ ಹೊಸದು ಹಾಕ್ತೀನಿ."

"ರಬ್ಬರ್ ಮುಟ್ಬೇಡ ಕಣೋ."

"ಟೀಚರ್, ನೀವಾದ್ರೂ ಹೇಳಿ! ನನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರಲ್ಲ, ಇವರನ್ನೂ ನಿಲ್ಲಿಸಿ ನೋಡೋಣ."

ನಾನು ಹೇಳಿದೆ. ಇಡೀ ತರಗತಿಯನ್ನು ಒಂದು ನೋಟದಿಂದ ಸುಮ್ಮನಾಗಿಸುತ್ತಿದ್ದ ನನ್ನ ಮಾತನ್ನು ಅವರು ಕೇಳಿಸಿಕೊಂಡರು, ಅಷ್ಟೆ.

ಗುದ್ದಿದ ಮೇಲಾದರೂ ಬುದ್ಧಿ ಬಂದೀತೆಂದುಕೊಂಡೆ. ಬಾಗಿದ ತೋಳನ್ನು ತಟ್ಟಿಸಿ, ಮತ್ತೆ ಅದನ್ನೇ ಹಾಕಿಸಿದರು. ಆ-ಹಾಕ್ ಒಲ್ಲೆನೆಂದುದರಿಂದ ಬೇರೊಬ್ಬನ ಕೈಯಲ್ಲಿ ಮಾಡಿಸಿದರು. ನಾನು ಕೀಲಿಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟೆ. ಅವರು ಹುಡುಕಲಿಲ್ಲ, ರೇಗಲಿಲ್ಲ. ಊಟವನ್ನೂ ಮಾಡದೆ ಕಾರಿನ ಪಕ್ಕದ ಮೆಟ್ಟಿಲ ಮೇಲೆ ಕುಳಿತರು. ನಾನೇ ಕೀಲಿಯನ್ನು ತೊಳೆದು ತಂದುಕೊಟ್ಟೆ. ಆಯಿನ್‌ಳನ್ನು ಶಾಲೆಯ ವ್ಯಾನಿಗೆ ಹತ್ತಿಸಿದರೆ ಇಳಿದು ಓಡಿ ಅಜ್ಜನ ಪಕ್ಕ ಕೂರುತ್ತಾಳೆ. ಅವಳ ತಂದೆ ಹಡಗಿನಿಂದ ಮರಳುವವರೆಗೆ ಮಗು ನಮ್ಮ ಹೊಣೆ. ಪ್ರತಿದಿನ ಬೆಳಿಗ್ಗೆ ಗೇಟು ತೆರೆದು ಅವರಿಬ್ಬರನ್ನೂ ಆ ಕಾರಿನಲ್ಲಿ ಕಳುಹಿಸುತ್ತೇನೆ; ಮರಳುವವರೆಗೆ ಕೈಗೆ ಕೆಲಸ ಹತ್ತುವುದಿಲ್ಲ. ರಜೆ ಸಿಕ್ಕರೆ ಬಾ. ಕಿರಿಯಳಾದ ನಿನ್ನ ಮಾತಿಗೆ ಅವರು ಎಂದೂ ಇಲ್ಲವೆಂದವರಲ್ಲ.

ಅಲ್ಲಾಹನು ನಿನ್ನನ್ನು ತನ್ನ ರಕ್ಷೆಯಲ್ಲಿಡಲಿ. ವೇಳೆಗೆ ಸರಿಯಾಗಿ ಉಣ್ಣು.

ನಿನ್ನ ತಾಯಿ,
ರೊಕಿಯಾ

ಮರೆತ ಮಾತು: ಬಂದು ಅಪ್ಪನಿಗೆ ಏನು ಹೇಳಲಿ ಎಂದು ನೀನು ಕೇಳಿದರೆ, ಮೊದಲು ಇದನ್ನು ಓದು. ಹಸ್ಮಾ ಕೆಲಸದಿಂದ ಮರಳುವಾಗ ನಮ್ಮ ಓಣಿಯ ಉಬ್ಬಿನ ಮೇಲೆ ಅವಳ ಕಾರಿನ ಎಡಗಾಲು "ಟೊಕ್, ಟೊಕ್" ಎನ್ನುತ್ತಿದ್ದುದು ನಿನಗೆ ನೆನಪಿರಬೇಕು. ಹರಿದ ಆ ರಬ್ಬರಿನ ಸದ್ದು ಅದು. ಅದನ್ನು ಕೇಳಿಯೇ ನಾನು ಚಹಾಕ್ಕೆ ಇಡುತ್ತಿದ್ದೆ. ಈಗ ಅದು ನಿನ್ನ ಅಪ್ಪನ ಕಾರಿನಲ್ಲಿ ಬರುತ್ತದೆ. ವ್ಯಾನಿನಲ್ಲೇಕೆ ಹೋಗುವುದಿಲ್ಲವೆಂದು ಗದರಿದಾಗ ಆಯಿನ್, "ಅದ್ರಲ್ಲಿ ಅಮ್ಮ ಬರಲ್ವಲ್ಲ ಓಪಾ" ಎಂದಳು. ನಿನ್ನೆ ಅವರಿಬ್ಬರೂ ಅಂಗಡಿಗೆ ಹೋಗಿದ್ದರು. ಸಂಜೆ ಉಬ್ಬಿನ ಮೇಲೆ ಸದ್ದಾಯಿತು; ನಾನು ಎದ್ದು ಹಸ್ಮಾಳ ಲೋಟಕ್ಕೂ ಚಹಾ ಬಗ್ಗಿಸಿದೆ. ಒಳಗೆ ಬಂದವರು ಲೋಟಗಳನ್ನು ನೋಡಿದರು. ತಮ್ಮ ತಮ್ಮ ಲೋಟ ಎತ್ತಿಕೊಂಡು ಕುಳಿತರು. ಬಖ್ತಿಯಾರ್ ಇದನ್ನೂ ಬೇರೆ ರೀತಿ ಹೇಳಿಯಾನು; ಆದುದರಿಂದ ಸರಿಯಾಗಿ ಬರೆದಿಡುತ್ತಿದ್ದೇನೆ. ಆಗ ಅಡುಗೆಮನೆಯಲ್ಲಿದ್ದವರು: ನಿನ್ನ ಅಪ್ಪ ಜೈಲಾನಿ, ಆಯಿನ್, ರೊಕಿಯಾ.