ಹನ್ನೆರಡನೇ ಸಾಲಿನ ಎರಡು ಸೀಟು

ಕ್ರೀಡಾ ಕಚೇರಿ, ಮಂಗಳವಾರ

ಮಾನ್ಯ ವರ್ನನ್ ಕೋಲ್ಬೆ ಅವರಿಗೆ,

ನೀವು ಅಂಚೆಯಲ್ಲಿ ಹಿಂದಿರುಗಿಸಿದ ಎರಡು ಸೀಸನ್ ಟಿಕೆಟ್‌ಗಳು ತಲುಪಿದವು. ಜೊತೆಗೆ ಒಂದು ಸಾಲೂ ಇರಲಿಲ್ಲ. ಬೈದು ಬರೆದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮ ಕಾಲೇಜಿನ ಫುಟ್‌ಬಾಲ್ ಪಂದ್ಯಗಳಿಗೆ ಜನ ಬರುವುದು ಕಡಿಮೆಯಾಯಿತೆಂದು, ಹುಡುಗರನ್ನು ಸೆಳೆಯಲು ಜೋರಾಗಿ ಹಾಡು ಮೊಳಗಿಸುವ ಆ ಹೊಸ ಸ್ಪೀಕರ್‌ಗಳನ್ನು ಹಾಕಿಸಿದವಳು ನಾನೇ. ಅಂದು ನಿಮ್ಮ ಸಾಲಿನ ಪಕ್ಕ ಹಾದುಹೋಗುವಾಗ ನೀವು ನನ್ನನ್ನು ತಡೆದು, "ಸೌಂಡು ಸ್ವಲ್ಪ ಕಡಿಮೆ ಮಾಡ್ಸಮ್ಮ. ಇವಳಿಗೆ ಕಣ್ಣು ಕಾಣಲ್ಲ, ಆಟನೆಲ್ಲಾ ನಾನೇ ಕಿವೀಲಿ ಹೇಳ್ಬೇಕು" ಅಂದಿರಿ.

"ಕಾಣದೇ ಇರೋರು ಮನೇಲಿ ಕೂತು ರೇಡಿಯೋ ಕೇಳ್ಬಹುದಲ್ಲ ಸಾರ್" ಅಂದೆ. ಹಿಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ.

ಆ ಗದ್ದಲದಲ್ಲಿ ನಿಮ್ಮ ಹೆಂಡತಿ ಲವೋನ್ ಅವರಿಗೆ ನನ್ನ ಮಾತು ಕೇಳಿಸಲಿಲ್ಲ. "ಏನಂದ್ಲು ಆ ಹುಡುಗಿ?" ಎಂದು ಕೂಗಿ ಕೇಳಿದರು.

"ಮಳೆ ಬರುತ್ತಂತೆ ಕಣೇ, ನಡಿ ಹೋಗೋಣ" ಎಂದು ನೀವು ಅವರ ಕೈ ಹಿಡಿದು ಎಬ್ಬಿಸಿದಿರಿ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಕಳೆದ ಶನಿವಾರದ ಪಂದ್ಯದಲ್ಲಿ ಅವರ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತೆ. ಚೆಂಡು ಯಾರ ಬಳಿ ಇದೆ ಎಂಬುದೇ ತಿಳಿಯಲಿಲ್ಲ.

ನಿಮ್ಮ ಕಡೆಯ ಸ್ಪೀಕರ್‌ಗಳನ್ನು ತೆಗೆಸಿದ್ದೇನೆ. ಟಿಕೆಟ್‌ಗಳನ್ನು ಇದರೊಂದಿಗೆ ಮರಳಿ ಕಳಿಸುತ್ತಿದ್ದೇನೆ. ನಾನಂದ ಮಾತನ್ನು ಲವೋನ್ ಅವರೆದುರು ನಾನೇ ಹೇಳಿ ಕ್ಷಮೆ ಕೇಳಬೇಕೆಂದಿದೆ. ಅವರಿಗೆ ಅದು ತಿಳಿಯುವುದೇ ಬೇಡ ಎಂದು ನಿಮಗನಿಸಿದರೆ, ನಾನು ನಿಮ್ಮ ಸಾಲಿನ ಕಡೆ ಸುಳಿಯುವುದಿಲ್ಲ. ನೀವಿಬ್ಬರೂ ಪಂದ್ಯಕ್ಕೆ ಬನ್ನಿ.

ತಲೆ ತಗ್ಗಿಸಿ,
ಟೆಸ್ಸಾ ಬ್ರಾಂಡ್