ನೂರು ಪದಗಳಲ್ಲಿ ಒಬ್ಬ ಬೈಂಡರ್

ಮಾರ್ಚ್ 3, ಸೋಮವಾರ. ಮಧ್ಯಾಹ್ನ

…ನೂರು ಪದ ಸಾಕು, ಅದಕ್ಕಿಂತ ಜಾಸ್ತಿ ಯಾರ ಹತ್ತಿರವೂ ಇರಲ್ಲ ಅಂದರೋ, ಅದಕ್ಕಿಂತ ಜಾಸ್ತಿ ಯಾರೂ ಓದಲ್ಲ ಅಂದರೋ. ಲೈಬ್ರೇರಿಯನ್ ಮೇಡಂ ಹೇಳಿದ್ದು ಎರಡರಲ್ಲಿ ಒಂದು. ಬಾಗಿಲಲ್ಲಿ ನಿಂತು ಹೇಳಿ ಹೋದರು. ಕೈಯಲ್ಲಿ ಸೂಜಿ ಇತ್ತು, ತಲೆ ಎತ್ತಲಿಲ್ಲ.

ವಿಷಯ ಇಷ್ಟು. ತಿಂಗಳ ಕೊನೆಗೆ ಬೈಂಡಿಂಗ್ ರೂಮು ಮುಚ್ಚುತ್ತದೆ. ಹರಿದ ಪುಸ್ತಕಗಳನ್ನು ಇನ್ನು ಹೊರಗೆ ಕಳಿಸುತ್ತಾರಂತೆ. ನನ್ನನ್ನೂ ಗೋಂದುವನ್ನೂ ಮೇಲಿನ ಮಹಡಿಗೆ, ಸ್ಕ್ಯಾನರ್ ಪಕ್ಕಕ್ಕೆ. 22ಕ್ಕೆ ಸಣ್ಣ ಸಮಾರಂಭ. ಮನೆಯವರನ್ನೂ ಕರೆಯಬಹುದು. ಅದಕ್ಕೊಂದು ಪುಸ್ತಿಕೆ — ಕೆಲಸದವರೆಲ್ಲ ತಂತಮ್ಮ ಜೀವನ ಬರೆದುಕೊಡಬೇಕು. ನೂರು ಪದ. 14ರೊಳಗೆ.

ಗೋಂದು ಮೂವತ್ತೊಂದು ವರ್ಷದಿಂದ ಎದುರು ಮೇಜಿನವನು. ಬೆರಳಿಗೆ ಯಾವಾಗಲೂ ಏನಾದರೂ ಅಂಟಿಕೊಂಡಿರುತ್ತದೆ, ಅದಕ್ಕೆ ಆ ಹೆಸರು. ಅವನಿಗೆ ಖುಷಿಯೋ ಖುಷಿ.

"ನೂರು ಪದ ಎಲ್ಲಿ ಸಾಕಾಗುತ್ತೆ ಯಜಮಾನ್ರೇ. ನನ್ನ ಮದುವೆ ದಿನ ಕಾರು ಕೆಟ್ಟಿದ್ದಕ್ಕೇ ಇನ್ನೂರು ಬೇಕು."

ನಾನು ಒಂದು ಪದಕೋಶದ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದೆ. ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಅಂಟಿಸಿದೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7

ಮೊದಲ ಪ್ರಯತ್ನ. ಹುಟ್ಟಿದ ವರ್ಷ, ಓದು, ಕೆಲಸಕ್ಕೆ ಸೇರಿದ್ದು, ಮದುವೆ, ಒಬ್ಬಳು ಮಗಳು, ಇಷ್ಟು ಸಾವಿರ ಪುಸ್ತಕ. ನಲವತ್ತೆರಡು ಪದಕ್ಕೆ ಮುಗಿದುಹೋಯಿತು. ವಯಸ್ಸು ಐವತ್ನಾಲ್ಕು. ವರ್ಷಕ್ಕೊಂದು ಪದವೂ ಬರಲಿಲ್ಲ.

ಹೆಂಡತಿಗೆ ತೋರಿಸಿದೆ. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಏನು ಕೊಟ್ಟರೂ ಬೆಳಕಿಗೆ ಹಿಡಿದು ಓದುತ್ತಾಳೆ.

"ಏನ್ರೀ ಇದು, ಮಾತ್ರೆ ಡಬ್ಬಿ ಹಿಂದೆ ಬರೆದಿರ್ತಾರಲ್ಲ, ಹಾಗಿದೆ."

"ಎಲ್ಲಾ ಸರಿಯಾಗೇ ಇದೆಯಲ್ಲ."

"ಸರಿಯಾಗಿದೆ. ಎಕ್ಸ್‌ಪೈರಿ ಡೇಟ್ ಒಂದು ಹಾಕಿಬಿಡಿ."

ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಬಂತು.

ಮಾರ್ಚ್ 6, ಗುರುವಾರ

ಬೇರೆ ದಾರಿ ಹಿಡಿದೆ. ಅಪ್ಪನ ಸೈಕಲ್ಲು, ಮೊದಲು ಹೊಲಿದ ಪುಸ್ತಕ, ಮಗಳಿಗೆ ರಟ್ಟಿನಲ್ಲಿ ಮಾಡಿಕೊಟ್ಟ ಮನೆ. ಮೂರು ಹಾಳೆ ತುಂಬಿತು. ಕತ್ತರಿಸಿಕೊಂಡು ಬಂದೆ — ಅದೊಂದು ಗೊತ್ತಿರುವ ಕೆಲಸ. ನೂರಕ್ಕೆ ತಂದು ನಿಲ್ಲಿಸಿದೆ. ಓದಿದರೆ ಯಾವನೋ ಒಳ್ಳೆಯ ಮನುಷ್ಯನ ಕಥೆ. ಅವನ ಪರಿಚಯ ನನಗಿಲ್ಲ. ಹರಿದು ಹಾಕಿದೆ.

ಯಾಕೆ ಆಗುತ್ತಿಲ್ಲ ಅನ್ನುವುದು ಗೊತ್ತಿದೆ. ಪ್ರತಿ ಸಲವೂ ಏಳು ವರ್ಷದ ಹಿಂದಿನ ಒಂದು ಬುಧವಾರವನ್ನು ಸುತ್ತಿಕೊಂಡು ಹೋಗುತ್ತೇನೆ, ಕಚ್ಚುವ ನಾಯಿ ಇರುವ ಬೀದಿಯನ್ನು ಬಿಟ್ಟು ಹೋಗುವ ಹಾಗೆ. ಈ ಡೈರಿಯಲ್ಲೂ ಹಾಗೇ. ಮೂರು ದಿನದಿಂದ ಬರೆಯುತ್ತಿದ್ದೇನೆ, ಅದರ ಸುದ್ದಿಯಿಲ್ಲ.

ಮಾರ್ಚ್ 7, ಶುಕ್ರವಾರ. ಸಂಜೆ

ತಂಗಿ ಫೋನ್ ಮಾಡಿದ್ದಳು. 22ಕ್ಕೆ ಬರುತ್ತಾಳಂತೆ. ರಜೆ ಹಾಕಿದ್ದಾಳಂತೆ.

"ಆ ಗೋಂದು ಇರ್ತಾನಾ ಅಣ್ಣ?"

"ಅವನೂ ಇಲ್ಲಿಯವನೇ ಅಲ್ವಾ."

"ಇರಲಿ ಬಿಡು. ನಾನು ಆ ಕಡೆ ತಿರುಗಲ್ಲ."

ಬರೆದುಬಿಡುತ್ತೇನೆ. ಇಲ್ಲಿ ಓದುವವರು ಯಾರಿದ್ದಾರೆ.

ಅಪ್ಪನ ಹತ್ತಿರ ಮನೆಮದ್ದಿನ ಒಂದು ದಪ್ಪ ಪುಸ್ತಕವಿತ್ತು. ಮಾತಿನ ಮನುಷ್ಯನಲ್ಲ ಅಪ್ಪ. ಮನೆಯಲ್ಲಿ ಯಾರಿಗೆ ಏನಾದರೂ ಆ ಪುಟ ತೆಗೆದು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೆರಡು ಸಾಲು ಬರೆಯುತ್ತಿದ್ದ. ಹೆಚ್ಚಿನವು ತಂಗಿಯವೇ, ಕಾಯಿಲೆಯ ಹುಡುಗಿ ಅವಳು. 'ಮಗಳಿಗೆ ಮೂರನೇ ದಿನವೂ ಜ್ವರ. ಬೆಳಗಿನ ತನಕ ಎತ್ತಿಕೊಂಡಿದ್ದೆ. ಭಾರವಾಗಲಿಲ್ಲ.' ಎದುರಿಗೆ ಒಂದು ದಿನವೂ ಒಂದು ಒಳ್ಳೆಯ ಮಾತು ಆಡಿದವನಲ್ಲ. ಅಪ್ಪ ಹೋದ ಮೇಲೆ ತಂಗಿ ಬೇರೇನೂ ಕೇಳಲಿಲ್ಲ, ಅದೊಂದನ್ನು ತೆಗೆದುಕೊಂಡಳು. ಪುಟ ಬಿಟ್ಟುಕೊಳ್ಳುತ್ತಿದೆ, ಹೊಲಿದು ಕೊಡು ಅಂತ ನನ್ನ ಕೈಗೆ ಕೊಟ್ಟಳು. ಅಂಚು ಮಾತ್ರ ಮುಟ್ಟಬೇಡ ಅಂದಿದ್ದಳು.

ಹೊಲಿದೆ. ರಟ್ಟು ಕೂರಿಸುವ ಮೊದಲು ನೋಡಿದರೆ ಅಂಚು ಏರುಪೇರು. ಅದನ್ನು ಹಾಗೇ ಬಿಡಲು ನನ್ನ ಕೈಲಿ ಆಗಲಿಲ್ಲ. ಕೂದಲೆಳೆಯಷ್ಟು ಅಂತ ಅಂದುಕೊಂಡೆ. ಅಳತೆ ತೆಗೆದದ್ದು ಮೊದಲ ಪುಟದಲ್ಲಿ, ಅಲ್ಲಿ ಅಪ್ಪ ಏನೂ ಬರೆದಿರಲಿಲ್ಲ. ಒಳಗಿನ ಪುಟಗಳು ಅದಕ್ಕಿಂತ ಎಷ್ಟೋ ಹೊರಗೆ ಚಾಚಿದ್ದವು. ಕಟಿಂಗ್ ಮಷಿನ್ನಿಗೆ ಇಟ್ಟು ಹಿಡಿ ಎಳೆದೆ. ಒಂದೇ ಎಳೆತ. ಉಳಿದದ್ದು — 'ಮಗಳಿಗೆ ಮೂರ', 'ಬೆಳಗಿನ ತ', 'ಭಾರವಾ'. ಪ್ರತಿ ಪುಟದಲ್ಲೂ ಅಪ್ಪ ಮಾತಿನ ನಡುವೆ ಎದ್ದು ಹೋದ ಹಾಗೆ. ಮಿಕ್ಕಿದ್ದು ಕೆಳಗೆ ಚೀಲದಲ್ಲಿ, ಹಳೆಯ ಗೆಜೆಟ್ಟುಗಳ ಚೂರಿನ ಜೊತೆ. ಹುಡುಕಿದೆ. ಸ್ವಲ್ಪ ಹೊತ್ತು.

ತಂಗಿಗೆ ಹೇಳಿದ್ದು — ನಾನು ಊಟಕ್ಕೆ ಹೋಗಿದ್ದೆ, ಗೋಂದು ಕತ್ತರಿಸಿಬಿಟ್ಟ.

ಆ ದಿನ ಅವನು ರಜೆ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಗೋಂದುವಿನದು ಮುಗಿದಿದೆ. ಚಹಾದ ಹೊತ್ತಿಗೆ ನಿಂತುಕೊಂಡು ಓದಿದ, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ. ಅವನ ಅಮ್ಮ, ಕೆಟ್ಟು ನಿಂತ ಕಾರು, ನಾನು ("ಎದುರು ಮೇಜಿನ ಯಜಮಾನರು ಕೆಲಸ ಕಲಿಸಿದರು, ಮಾತು ಮಾತ್ರ ಕಲಿಸಲಿಲ್ಲ"). ತೊಂಬತ್ತೆಂಟು ಪದ. ಜೀವಂತವಾಗಿದೆ. ಹೊಟ್ಟೆ ಉರಿಯಿತು.

ಕೊನೆಯ ಸಾಲು: 'ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಯಾರ ಒಂದು ಅಕ್ಷರವೂ ಹೋಗಿಲ್ಲ.'

ನಿಜ. ನಾನು ಬಲ್ಲೆ. ಆದರೆ 22ಕ್ಕೆ ತಂಗಿ ಅದನ್ನು ಓದುತ್ತಾಳೆ. ಸುಮ್ಮನಿರುವವಳಲ್ಲ. ಎಲ್ಲರ ಎದುರಿಗೆ ಅವನನ್ನು ಕೇಳಿಯೇ ಕೇಳುತ್ತಾಳೆ.

ಮಾರ್ಚ್ 11, ಮಂಗಳವಾರ

ಹೇಳಿದೆ ಅವನಿಗೆ. ಕೊನೆಯ ಸಾಲು ಸ್ವಲ್ಪ ಜಂಬದ ಥರ ಕಾಣುತ್ತೆ ಅಂತ.

"ಜಂಬಾನಾ?"

"ನನಗನಿಸಿದ್ದು. ನೋಡು, ನಿನ್ನಿಷ್ಟ."

ಕಾಗದವನ್ನು ಮತ್ತೊಮ್ಮೆ ನೋಡಿದ. "ನನಗೆ ಅದೊಂದೇ ಸಾಲು ಚೆನ್ನಾಗಿ ಬಂದಿದೆ ಅನಿಸಿತ್ತು. ನೀವು ಹೇಳಿದ್ರೆ ಸರಿ ಬಿಡಿ." ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದು ಹೊಡೆದುಹಾಕಿದ. ಮಧ್ಯಾಹ್ನವೆಲ್ಲ ಎಂದಿನ ಹಾಗೆ ಸಿಳ್ಳೆ ಹಾಕಲಿಲ್ಲ.

ಸಮಸ್ಯೆ ಮುಗಿಯಿತು. ಎಷ್ಟು ಸುಲಭ.

ಮಾರ್ಚ್ 14, ಶುಕ್ರವಾರ

ಕೊಡಲಿಲ್ಲ. ಮೇಡಂ ಎರಡು ಸಲ ಬಂದರು. "ಎಲ್ಲರದೂ ಬಂತು, ನಿಮ್ಮೊಬ್ಬರದೇ ಬಾಕಿ. ಕಾವಲಿನವರು ಕೂಡ ಬರೆದುಕೊಟ್ರು ನೋಡಿ." ಮಂಗಳವಾರದ ತನಕ ಟೈಮ್ ಕೇಳಿದೆ. ನಿಟ್ಟುಸಿರು ಬಿಟ್ಟು ಹೋದರು. ಅವರ ಮೇಲೂ ಸಿಟ್ಟು. ಯಾರು ಕೇಳಿದ್ದರು ಇವರ ಪುಸ್ತಿಕೆ.

ಮಾರ್ಚ್ 17, ಸೋಮವಾರ. ಸಂಜೆ 5

ಗೋಂದುವಿಗೆ ಹೇಳಿದೆ. ಹೇಳಬೇಕೆಂದು ಹೋದದ್ದಲ್ಲ. ಮಷಿನ್ನಿನ ಬ್ಲೇಡು ಬಿಚ್ಚುತ್ತಿದ್ದೆವು, ಸಾಗಿಸಲು. ಒಂದು ಕಡೆ ಅವನು, ಒಂದು ಕಡೆ ನಾನು. ಕೈ ಬಿಡುವ ಹಾಗಿರಲಿಲ್ಲ ಇಬ್ಬರಿಗೂ. ಆಗ ಹೇಳಿಬಿಟ್ಟೆ. ಪುಸ್ತಕ, ಅಂಚು, ತಂಗಿಗೆ ಹೇಳಿದ ಹೆಸರು.

ಬ್ಲೇಡನ್ನು ಹುಷಾರಾಗಿ ಕೆಳಗಿಟ್ಟ. ಬಟ್ಟೆ ಸುತ್ತಿದ. ದಾರ ಕಟ್ಟಿದ. ಆಮೇಲೆ —

"ಅಂದ್ರೆ ಏಳು ವರ್ಷದಿಂದ ಅವರು ಬಂದಾಗೆಲ್ಲ ನಾನು ನಮಸ್ಕಾರ ಮಾಡ್ತಾನೇ ಇದ್ದೆ."

"ಹೂಂ."

"ಒಂದ್ಸಲನೂ ತಿರುಗಿ ಮಾಡ್ಲಿಲ್ಲ ಅವರು. ನಾನು ಅಂದ್ಕೊಂಡಿದ್ದೆ, ಪಾಪ, ಕಣ್ಣು ಮಂಜಾಗಿರಬೇಕು ಅಂತ. ನಮ್ಮನೇಲೂ ಹಾಗೇ ಹೇಳಿದ್ದೆ."

ಬೈಯಬಹುದು ಅಂತ ಕಾದೆ. ಬೈಯಲಿಲ್ಲ, ಅದು ಇನ್ನೂ ಕಷ್ಟ. ಬ್ಯಾಗ್ ಹೆಗಲಿಗೆ ಹಾಕಿಕೊಂಡವನು ಬಾಗಿಲ ಹತ್ತಿರ ನಿಂತ.

"ನನ್ನ ಸಾಲು ನಾನು ವಾಪಸ್ ಹಾಕ್ತೀನಿ. ನಾಳೆ ಬೆಳಿಗ್ಗೇನೇ ಮೇಡಂಗೆ ಹೇಳ್ತೀನಿ."

"ಹಾಕು."

"ನೀವು ಏನು ಬರೀತೀರೋ ನಿಮಗೆ ಬಿಟ್ಟಿದ್ದು."

ಯಜಮಾನ್ರೇ ಅನ್ನಲಿಲ್ಲ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ

ಐದಕ್ಕೇ ಎದ್ದೆ. ಆ ವಿಷಯವನ್ನು ಮೊದಲ ಸಾಲಿಗೆ ಹಾಕಿದೆ. ಕೆಳಗಿನದೆಲ್ಲ ಸಬೂಬಿನ ಹಾಗೆ ಕಂಡಿತು. ನಡುವೆ ಹಾಕಿದೆ — ಬಚ್ಚಿಟ್ಟ ಹಾಗೆ. ಕೊನೆಗೆ ತಂದಿಟ್ಟೆ. ಮೇಲೆ ಎಂದಿನ ಸಂಗತಿಗಳು: ಸೈಕಲ್ಲು, ಹೊಲಿಗೆ, ರಟ್ಟಿನ ಮನೆ. ಕೊನೆಯ ಮೂರು ಸಾಲು ಹೀಗೆ:

'ಏಳು ವರ್ಷದ ಹಿಂದೆ ಅಪ್ಪನ ಪುಸ್ತಕದ ಅಂಚನ್ನು, ಬೇಡವೆಂದರೂ, ಕತ್ತರಿಸಿದವನು ನಾನು. ತಂಗಿಗೆ ಎದುರು ಮೇಜಿನವನ ಹೆಸರು ಹೇಳಿದೆ. ಅವನು ಆ ದಿನ ರಜೆಯಲ್ಲಿದ್ದ.'

ಎಣಿಸಿದೆ. ನೂರ ಮೂರು. ಎರಡು ವಿಶೇಷಣ, ಒಂದು 'ಪ್ರೀತಿಯಿಂದ' ತೆಗೆದೆ. ನೂರು.

ಹೆಂಡತಿ ಬೆಳಕಿಗೆ ಹಿಡಿದು ಓದಿದಳು. ಈ ಸಲ ತಮಾಷೆ ಮಾಡಲಿಲ್ಲ. "ಇದು ನನಗೂ ಗೊತ್ತಿರಲಿಲ್ಲವಲ್ರೀ" ಅಂದಳು. ತಿಂಡಿ ಮುಂದಿಟ್ಟಳು. ಚಟ್ನಿ ಬಡಿಸುತ್ತಾ, "ನಿಮ್ಮ ತಂಗಿ ಅಲ್ಲಿ ಎಲ್ಲರ ನಡುವೆ ಕುರ್ಚಿ ಮೇಲೆ ಕೂತು ಇದನ್ನ ಓದಬೇಕಾ? ಮೊದಲೇ ಹೇಳಿ."

ಮೇಡಂಗೆ ಕೊಟ್ಟೆ. ನೋಡದೆ ಫೈಲಿಗೆ ಸೇರಿಸಿದರು.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 2

ಮೂರು ದಿನ ತಂಗಿಗೆ ಹೇಳಲೆಂದು ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟದ್ದೇ ಆಯಿತು. ನಿನ್ನೆ ಒಂದು ಸಲ ರಿಂಗ್ ಆಯಿತು, ನಾನೇ ಕಟ್ ಮಾಡಿದೆ. ಅವಳು ತಿರುಗಿ ಮಾಡಿ "ಏನಣ್ಣ?" ಅಂದರೆ "ಎಷ್ಟು ಗಂಟೆಗೆ ಬರ್ತೀಯ ಅಂತ ಕೇಳೋಣ ಅಂತ" ಅಂದೆ. ಐವತ್ನಾಲ್ಕು ವರ್ಷ. ನಾಚಿಕೆಯಾಗಬೇಕು.

ಇವತ್ತು ಊಟದ ಹೊತ್ತಿಗೆ ನೂರು ಪದವನ್ನೂ ಫೋನಿನಲ್ಲಿ ಟೈಪ್ ಮಾಡಿದೆ. ಹೆಬ್ಬೆರಳು ನೋವು. 'ಪುಸ್ತಿಕೆಗೆ ಬರೆದದ್ದು. ನಾಳೆಗೆ ಮುಂಚೆ ನೀನು ಓದಬೇಕು' ಅಂತ ಮೇಲೆ ಸೇರಿಸಿ ಕಳಿಸಿದೆ.

ಒಂದು ನಿಮಿಷವೂ ಆಗಲಿಲ್ಲ. ಉತ್ತರ ಬಂತು.

'ಅಪ್ಪನ ಸೈಕಲ್ ನೆನಪಾಯ್ತು. ಚೆನ್ನಾಗಿ ಬರೆದಿದ್ದೀಯ ಅಣ್ಣ. ನಾಳೆ ಹತ್ತಕ್ಕೆ ಬರ್ತೀನಿ.' ಕೆಳಗೊಂದು ಹೂವಿನ ಚಿತ್ರ.

ನಾನು ಕಳಿಸಿದ್ದನ್ನು ತೆರೆದು ನೋಡಿದೆ. ಉದ್ದ ಜಾಸ್ತಿಯಾಯಿತೆಂದು ಫೋನು ಅರ್ಧವನ್ನು ಮಡಿಸಿಟ್ಟಿದೆ. ಕೆಳಗೆ ಸಣ್ಣಗೆ, ನೀಲಿಯಲ್ಲಿ — ಇನ್ನಷ್ಟು ಓದಿ. ಒತ್ತಿದರೆ ಮಾತ್ರ ಉಳಿದದ್ದು. ಸೈಕಲ್ಲು ಮೇಲಿನ ಅರ್ಧದಲ್ಲಿದೆ.

ಪೂರ್ತಿ ಓದಿಯೂ ಹಾಗೆ ಬರೆದಿರಬಹುದು. ಅವಳು ಅಂಥವಳೂ ಹೌದು.

ಮಾರ್ಚ್ 22, ಶನಿವಾರ. ಬೆಳಿಗ್ಗೆ 9.40

ಬೈಂಡಿಂಗ್ ರೂಮಿನಲ್ಲೇ ಬರೆಯುತ್ತಿದ್ದೇನೆ. ಮೇಜುಗಳು ಹೋಗಿವೆ, ನೆಲದಲ್ಲಿ ಅವುಗಳ ಕಾಲಿನ ಗುರುತು. ಹಾಲ್‌ನಲ್ಲಿ ಕುರ್ಚಿ ಎಳೆಯುವ ಸದ್ದು. ಪ್ರತಿ ಕುರ್ಚಿಯ ಮೇಲೆ ಒಂದು ಪುಸ್ತಿಕೆ. ಪಿನ್ ಹೊಡೆದದ್ದು, ಹೊಲಿದದ್ದಲ್ಲ. ನನ್ನದು ಹನ್ನೊಂದನೇ ಪುಟ, ಗೋಂದುವಿನದು ಎದುರಿಗೆ ಹತ್ತರಲ್ಲಿ. ಅವನ ಸಾಲು ವಾಪಸ್ ಬಂದಿದೆ.

ಅವನು ಹೊಸ ಶರ್ಟಿನಲ್ಲಿ ಬಂದಿದ್ದಾನೆ. ಬಾಗಿಲಲ್ಲಿ ಇಣುಕಿ, "ನಿಮ್ಮ ತಂಗಿ ಬಂದ್ರು, ಗೇಟ್ ಹತ್ತಿರ ಇದ್ದಾರೆ" ಅಂದ.

"ನಿನ್ನನ್ನ ನೋಡಿದಳಾ?"

"ನೋಡಿದ್ರು."

"ಏನಾದರೂ…"

"ನಾನು ಈ ಸಲ ನಮಸ್ಕಾರ ಮಾಡ್ಲಿಲ್ಲ. ಅವರು ಮೊದಲು ಮಾಡ್ಲಿ ಅಂತ ನಿಂತಿದ್ದೆ. ಅಷ್ಟರಲ್ಲಿ ಮೇಡಂ ಕರೆದ್ರು, ಬಂದೆ." ಹೋದ.

ಕಿಟಕಿಯಿಂದ ಕಾಣುತ್ತಾಳೆ. ಚಪ್ಪಲಿಗೆ ಸಿಕ್ಕ ಕಲ್ಲು ತೆಗೆಯುತ್ತಿದ್ದಾಳೆ, ಒಂದು ಕೈ ಗೋಡೆಗೆ. ಮುಖದಲ್ಲಿ ಏನೂ ತಿಳಿಯುವುದಿಲ್ಲ. ಹತ್ತು ಹೆಜ್ಜೆ ಇಟ್ಟರೆ ಹೋಗಿ ಕೇಳಬಹುದು. ಪೆನ್ನು ಹಿಡಿದು ಕೂತಿದ್ದೇನೆ.

ಅಲ್ಲ ಕಣೇ, ನಿನ್ನೆ ನೀನು ಎಲ್ಲಿಯ ತನಕ ಓದಿದೆ?